ಎರಡು ಗಂಟೆಯ ಆಟಕ್ಕೆ ಇಷ್ಟು ಬೆಲೆಯೆ?

ಪ್ರಯೋಗಶಾಲೆಯ ಕೆಲಸ ಮುಗಿದು ಉಪಕರಣಗಳನ್ನು ಬೀರುವಿಗೆ ಸೇರಿಸುತ್ತಿದ್ದಾಗ ನನ್ನ ವಿದ್ಯಾರ್ಥಿಗಳಲ್ಲಿ ಇಬ್ಬರಿಗೆ ವಾದ ಹತ್ತಿತು. ಒಬ್ಬನು ಹಣ ಕೊಟ್ಟು ತನ್ನ ಮೊಬೈಲ್ ಫೋನಿಗೆ ಒಂದು ವಿಡಿಯೋ ಆಟವನ್ನು ಕೊಂಡಿದ್ದನು. ಆಟವೇನೋ ಬಹಳ ಚೆಲುವಾಗಿತ್ತು. ಆದರೆ ರಾತ್ರಿ ಊಟವಾದ ಮೇಲೆ ಹಿಡಿದದ್ದು ಮಲಗುವ ಹೊತ್ತಿಗೆ ಮುಗಿದೇ ಹೋಯಿತಂತೆ. “ಎರಡು ಗಂಟೆಗೆ ಅಷ್ಟು ದುಡ್ಡು ದಂಡವಾಯಿತು, ಸರ್” ಎಂದು ಅವನ ಕೊರಗು. ಇನ್ನೊಬ್ಬನು, ಕಾಸು ಕೊಡದೆ ಇಳಿಸಿಕೊಂಡ ಆಟವೊಂದನ್ನು ತಾನು ಒಂದು ವರ್ಷದಿಂದ ಆಡುತ್ತಿರುವೆನೆಂದೂ ಅದಿನ್ನೂ ಮುಗಿದಿಲ್ಲವೆಂದೂ ಹೇಳಿ ಗೆಳೆಯನನ್ನು ಹಾಸ್ಯ ಮಾಡಿದನು. ತೀರ್ಪಿಗಾಗಿ ಇಬ್ಬರೂ ನನ್ನ ಮುಖವನ್ನು ನೋಡಿದರು.

ಅಂದು ಏನೋ ಹೇಳಿ ಕಳುಹಿಸಿಬಿಟ್ಟೆ. ಆದರೆ ಪ್ರಶ್ನೆಯು ನನ್ನನ್ನು ಬಿಡಲಿಲ್ಲ. ವಿಚಾರ ಮಾಡಿ ನೋಡಿದರೆ ಇದು ಅಳತೆಯ ಪ್ರಶ್ನೆ. ಯಾವುದನ್ನು ಯಾವ ಮಾನದಿಂದ ಅಳೆಯಬೇಕೆಂಬುದನ್ನು ನಿಶ್ಚಯಿಸುವುದು ಭೌತವಿಜ್ಞಾನವನ್ನು ಕಲಿಸುವವನ ನಿತ್ಯದ ಕಸುಬು ತಾನೆ?

ಆ ವಿದ್ಯಾರ್ಥಿಯು ಕೊಂಡಿದ್ದ ಆಟದ ಹೆಸರು ‘ಮಾನ್ಯುಮೆಂಟ್ ವ್ಯಾಲಿ’. ಲಂಡನ್ನಿನ ‘ಅಸ್‌ಟೂ’ ಎಂಬ ಸಂಸ್ಥೆ ಅದನ್ನು 2014ರ ಏಪ್ರಿಲಿನಲ್ಲಿ ಹೊರತಂದಿತು. ಅಮೆರಿಕದಲ್ಲಿ ಅಂದಿನ ಬೆಲೆ 3.99 ಡಾಲರು. ಇರುವುದು ಹತ್ತೇ ಅಧ್ಯಾಯಗಳು. ಬಹುಮಂದಿ ಎರಡು ಗಂಟೆಯೊಳಗೆ ಮುಗಿಸುವರು. ಇದರಲ್ಲಿ ಕೊಲ್ಲಬೇಕಾದ ಶತ್ರುಗಳಿಲ್ಲ, ಗಳಿಸಬೇಕಾದ ಅಂಕಗಳಿಲ್ಲ. ಇಡಾ ಎಂಬ ಪುಟ್ಟ ರಾಜಕುಮಾರಿಯೊಬ್ಬಳು ವಿಚಿತ್ರವಾದ ಗೋಪುರಗಳಲ್ಲಿಯೂ ಮೆಟ್ಟಿಲುಗಳಲ್ಲಿಯೂ ನಡೆದು ದಾರಿ ಹುಡುಕುವಳು. ಕಟ್ಟಡದ ಭಾಗಗಳನ್ನು ತಿರುಗಿಸಿ ಅವಳಿಗೆ ಹಾದಿ ಮಾಡಿಕೊಡುವುದು ಆಡುವವನ ಕೆಲಸ.

ಕಡ್ಡಿಗಳ ಘನಾಕೃತಿ

ಈ ಆಟದ ತಿರುಳನ್ನು ತಿಳಿಯಲು ಫೋನು ಬೇಡ. ಸಮಾನ ಉದ್ದದ ಹನ್ನೆರಡು ಕಡ್ಡಿಗಳಿದ್ದರೆ ಸಾಕು. ಅವನ್ನು ಅಂಟಿಸಿ ಒಂದು ಘನಾಕೃತಿಯ ಚೌಕಟ್ಟನ್ನು ಮಾಡಿಕೊಳ್ಳಿ. ಅದರ ಒಂದು ಮೂಲೆಯು ನೇರವಾಗಿ ನಿಮ್ಮತ್ತ ಮುಖಮಾಡಿರುವಂತೆ ದೂರದಲ್ಲಿ ತೂಗುಹಾಕಿ, ಒಂದು ಕಣ್ಣನ್ನು ಮುಚ್ಚಿಕೊಂಡು ನೋಡಿ. ಹೊರರೇಖೆಯು ಷಡ್ಭುಜವಾಗಿ ಕಾಣುವುದು. ಹತ್ತಿರದ ಮೂಲೆಯೂ ಅದಕ್ಕೆ ಎದುರಾದ ಅತಿದೂರದ ಮೂಲೆಯೂ ಷಡ್ಭುಜದ ನಡುವೆ ಒಂದೇ ಬಿಂದುವಿನಲ್ಲಿ ಕೂಡಿರುವಂತೆ ತೋರುವುದು.

ಈಗ ಇರುವೆಯೊಂದು ಹತ್ತಿರದ ಮೂಲೆಯಿಂದ ಹೊರಟಿತೆಂದು ಊಹಿಸಿಕೊಳ್ಳಿ. ಅದು ಒಂದು ಕಡ್ಡಿಯ ಮೇಲೆ ಬಲಕ್ಕೆ, ಮತ್ತೊಂದರ ಮೇಲೆ ಹಿಂದಕ್ಕೆ, ಮೂರನೆಯದರ ಮೇಲೆ ಮೇಲಕ್ಕೆ ನಡೆದು ಅತಿದೂರದ ಮೂಲೆಯನ್ನು ಸೇರುತ್ತದೆ. ಕಡ್ಡಿಯ ಉದ್ದ 10 ಸೆಂಟಿಮೀಟರಾದರೆ, ಇರುವೆಯು ತಾನು ಹೊರಟ ಸ್ಥಳದಿಂದ ಸುಮಾರು 17.3 ಸೆಂಟಿಮೀಟರು ದೂರದಲ್ಲಿರುವುದು. ಆದರೆ ನಿಮ್ಮ ಕಣ್ಣಿಗೆ ಅದು ಒಂದು ಸಮಬಾಹು ತ್ರಿಭುಜವನ್ನು ಸುತ್ತಿ ಹೊರಟಲ್ಲಿಗೇ ಮರಳಿದಂತೆ ಕಾಣುವುದು! ಮೂರು ಆಯಾಮಗಳ ವಸ್ತುವನ್ನು ಎರಡು ಆಯಾಮಗಳ ಚಿತ್ರವಾಗಿಸಿದಾಗ ‘ಎಷ್ಟು ಆಳ’ ಎಂಬ ಸುದ್ದಿಯೇ ಕಳೆದುಹೋಗುತ್ತದೆ.

ವಾಸ್ತವದಲ್ಲಿ ನಾವು ಮೋಸಹೋಗದಿರಲು ಒಂದು ಕಾರಣವೆಂದರೆ, ದೂರದ ವಸ್ತು ಚಿಕ್ಕದಾಗಿ ಕಾಣುವುದು. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಬರೆಯುವ ಐಸೊಮೆಟ್ರಿಕ್ ಚಿತ್ರದಲ್ಲಿ ಈ ಸುಳಿವೂ ಇಲ್ಲ. ಅಲ್ಲಿ ದೂರದ ಅಂಚೂ ಹತ್ತಿರದ ಅಂಚೂ ಸಮನಾಗಿಯೇ ಇರುವುವು. ಮಾನ್ಯುಮೆಂಟ್ ವ್ಯಾಲಿಯ ಚಿತ್ರಗಳು ಇದೇ ಬಗೆಯವು. ಅಲ್ಲಿನ ನಿಯಮವು ಒಂದೇ: ಎರಡು ದಾರಿಗಳು ಕೂಡಿರುವಂತೆ ಕಂಡರೆ ಅವು ಕೂಡಿಯೇ ಇವೆ. ಕಂದರದ ಆಚೆಯಿರುವ ಮೆಟ್ಟಿಲನ್ನು ತಿರುಗಿಸಿ ಈಚೆಯ ಜಗಲಿಗೆ ತಾಗುವಂತೆ ತೋರಿಸಿದೊಡನೆ ರಾಜಕುಮಾರಿಯು ನಿಶ್ಚಿಂತೆಯಾಗಿ ದಾಟಿಹೋಗುವಳು.

ಈ ವಿನೋದಕ್ಕೆ ಹಿರಿಯ ಪರಂಪರೆಯಿದೆ. ಸ್ವೀಡನ್ನಿನ ಕಲಾವಿದ ಆಸ್ಕರ್ ರಾಯ್ಟರ್ಸ್‌ವಾರ್ಡ್ 1934ರಲ್ಲಿಯೇ ಇಂತಹ ‘ಅಸಾಧ್ಯ ತ್ರಿಭುಜ’ವನ್ನು ಚಿತ್ರಿಸಿದ್ದನು. ಲಯೊನೆಲ್ ಪೆನ್‌ರೋಸ್ ಮತ್ತು ಅವರ ಮಗ ರೋಜರ್ ಪೆನ್‌ರೋಸ್ ತಾವು ಸ್ವತಂತ್ರವಾಗಿ ಕಂಡುಕೊಂಡ ಅದೇ ಆಕೃತಿಯನ್ನು 1958ರಲ್ಲಿ ಮನೋವಿಜ್ಞಾನದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಈ ರೋಜರ್ ಅವರೇ ಕೃಷ್ಣವಿವರಗಳ ಸಂಶೋಧನೆಗಾಗಿ 2020ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದವರು. ಡಚ್ ಕಲಾವಿದ ಎಷರನು 1961ರಲ್ಲಿ ರಚಿಸಿದ ‘ಜಲಪಾತ’ದ ಮುದ್ರಣಚಿತ್ರವೂ ಇದೇ ತ್ರಿಭುಜದ ಮೇಲೆ ನಿಂತಿದೆ. ಚಿತ್ರವನ್ನು ನಾವು ನೋಡಬಲ್ಲೆವು. ಆಟದಲ್ಲಿಯಾದರೋ ಅದರೊಳಗೆ ಕೈಯಿಟ್ಟು ಪ್ರಯೋಗ ಮಾಡಬಲ್ಲೆವು.

ಬೆಲೆಯ ಲೆಕ್ಕ

ಇನ್ನು ಹಣದ ವಿಷಯ. ಆಟವನ್ನು ತಯಾರಿಸಲು 55 ವಾರಗಳೂ 8,52,000 ಡಾಲರುಗಳೂ ಹಿಡಿದುವೆಂದು ಸಂಸ್ಥೆಯೇ 2015ರ ಜನವರಿಯಲ್ಲಿ ಪ್ರಕಟಿಸಿತು. ಒಮ್ಮೆ ತಯಾರಾದ ಮೇಲೆ ಇನ್ನೊಂದು ಪ್ರತಿಯನ್ನು ಮಾಡಲು ಖರ್ಚೆಂಬುದು ಇಲ್ಲವೆಂದೇ ಹೇಳಬೇಕು. ಆದುದರಿಂದ ಒಂದು ಪ್ರತಿಯ ಪಾಲಿಗೆ ಬರುವ ವೆಚ್ಚವು ಕೊಳ್ಳುವವರ ಸಂಖ್ಯೆಯನ್ನೇ ಅವಲಂಬಿಸಿದೆ. ಒಂದು ಲಕ್ಷ ಜನ ಮಾತ್ರ ಕೊಂಡಿದ್ದರೆ ಅದು 8.52 ಡಾಲರಾಗುತ್ತಿತ್ತು; ಎಂದರೆ ಮಾರಿದ ಬೆಲೆಗಿಂತ ಎರಡು ಪಾಲಿಗೂ ಮಿಗಿಲು. ಅಂಗಡಿಯ ದಲ್ಲಾಳಿಯು ನೂರಕ್ಕೆ ಮೂವತ್ತರಂತೆ ಹಿಡಿದುಕೊಂಡನೆಂದು ಎಣಿಸಿದರೆ, ಅಸಲು ಹುಟ್ಟುವುದಕ್ಕೇ ಸುಮಾರು 3 ಲಕ್ಷ 5 ಸಾವಿರ ಪ್ರತಿಗಳು ಪೂರ್ತಿ ಬೆಲೆಗೆ ಮಾರಬೇಕು. ಅದೃಷ್ಟವಶಾತ್ ಅಷ್ಟರಲ್ಲಿ 24 ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಮಾರಿದ್ದುವು. ಎಲ್ಲ ಆಟಗಳಿಗೂ ಈ ಭಾಗ್ಯವಿರುವುದಿಲ್ಲ.

ಹೀಗಿದ್ದೂ, 2014ರ ನವೆಂಬರಿನಲ್ಲಿ ಅದೇ ಸಂಸ್ಥೆಯು ಎಂಟು ಹೊಸ ಅಧ್ಯಾಯಗಳನ್ನು 1.99 ಡಾಲರಿಗೆ ಮಾರಲು ತೊಡಗಿದಾಗ, ಮತ್ತೆ ಹಣ ಕೊಡಬೇಕೆ ಎಂದು ಸಿಟ್ಟಾಗಿ ಅನೇಕರು ಅದಕ್ಕೆ ಐದರಲ್ಲಿ ಒಂದೇ ನಕ್ಷತ್ರವನ್ನು ಕೊಟ್ಟರು.

ತಪ್ಪಾದ ಛೇದ

ಬೆಲೆಯನ್ನು ಗಂಟೆಗಳಿಂದ ಭಾಗಿಸಿ, ಬಂದ ಭಾಗಲಬ್ಧವು ಚಿಕ್ಕದಾದಷ್ಟೂ ಆಟವು ಲಾಭಕರವೆಂದು ನನ್ನ ವಿದ್ಯಾರ್ಥಿಗಳಿಬ್ಬರೂ ಎಣಿಸಿದ್ದರು. ಈ ಸೂತ್ರವನ್ನು ಪರೀಕ್ಷಿಸೋಣ. ಬೆಲೆಯು ಸೊನ್ನೆಯಾದರೆ ಭಾಗಲಬ್ಧವೂ ಸೊನ್ನೆ. ಆದುದರಿಂದ ಬಿಟ್ಟಿ ದೊರೆಯುವ ಪ್ರತಿಯೊಂದು ಆಟವೂ, ಅದೆಷ್ಟೇ ನೀರಸವಾಗಿರಲಿ, ಜಗತ್ತಿನ ಅತ್ಯುತ್ತಮ ಆಟವಾಗಬೇಕಾಯಿತು! ಇಂತಹ ಫಲಿತಾಂಶವನ್ನು ಕೊಡುವ ಸೂತ್ರದಲ್ಲಿ ದೋಷವಿದೆಯೆಂದು ಬೇರೆ ಹೇಳಬೇಕಾದುದಿಲ್ಲ.

ದೋಷವಿರುವುದು ಛೇದದಲ್ಲಿ. ಆಡುವ ಗಂಟೆಗಳನ್ನು ನಾವು ಆಟದಿಂದ ಪಡೆಯುವುದಿಲ್ಲ; ನಾವೇ ಆಟಕ್ಕೆ ಕೊಡುತ್ತೇವೆ. ಪರೀಕ್ಷೆಯು ಹತ್ತಿರವಾಗುತ್ತಿರುವ ವಿದ್ಯಾರ್ಥಿಗೆ ಇದರ ಅರ್ಥ ಚೆನ್ನಾಗಿ ಆದೀತು. ಹಣವೂ ವೆಚ್ಚ, ಹೊತ್ತೂ ವೆಚ್ಚ. ವರ್ಷವೆಲ್ಲ ಮುಗಿಯದ ಬಿಟ್ಟಿ ಆಟಕ್ಕೆ ದಿನಕ್ಕೆ ಅರ್ಧ ಗಂಟೆಯಂತೆ ಕೊಟ್ಟರೂ ವರ್ಷಕ್ಕೆ 182 ಗಂಟೆಗಳನ್ನು ಮೀರುವುದು. ಇಂತಹ ಆಟಗಳಲ್ಲಿ ಅನೇಕವು ಆಡುವವನನ್ನು ಹಿಡಿದಿಟ್ಟುಕೊಂಡು, ಜಾಹೀರಾತು ತೋರಿಸಿಯೋ ಸಣ್ಣಪುಟ್ಟ ಸಾಮಾನುಗಳನ್ನು ಮಾರಿಯೋ ಹೊಟ್ಟೆ ಹೊರೆಯುತ್ತವೆ. ಆಟವು ಮುಗಿಯದಿರುವುದೇ ಅವುಗಳಿಗೆ ಲಾಭ.

ಗಂಟೆಯ ಅಳತೆಯಿಂದ ಮಾಡುವವರಿಗೂ ಕೆಡುಕಾದುದುಂಟು. ಕಂಪ್ಯೂಟರ್ ಆಟಗಳ ದೊಡ್ಡ ಅಂಗಡಿಯಾದ ಸ್ಟೀಮ್, ಕೊಂಡ 14 ದಿನಗಳೊಳಗೆ ಎರಡು ಗಂಟೆಗಿಂತ ಕಡಮೆ ಆಡಿದ್ದರೆ ಹಣವನ್ನು ಹಿಂದಿರುಗಿಸುವ ಪದ್ಧತಿಯನ್ನು 2015ರಲ್ಲಿ ತಂದಿತು. ಗ್ರಾಹಕರಿಗೆ ಇದು ನ್ಯಾಯವಾದ ರಕ್ಷಣೆಯೇ ಸರಿ. ಆದರೆ ಪೂರ್ಣ ಆಟವೇ ಎರಡು ಗಂಟೆಯೊಳಗೆ ಮುಗಿಯುವುದಾದರೆ? ‘ಸಮರ್ ಆಫ್ 58’ ಎಂಬ ಕಿರು ಆಟವನ್ನು ಮಾಡಿದ ಎಮಿಕಾ ಗೇಮ್ಸ್, ಬಹಳ ಮಂದಿ ಹೀಗೆ ಹಣವನ್ನು ಹಿಂದಕ್ಕೆ ಪಡೆದುದರಿಂದ ತಾನು ಆಟಗಳ ರಚನೆಯನ್ನೇ ನಿಲ್ಲಿಸುವುದಾಗಿ 2021ರ ಆಗಸ್ಟಿನಲ್ಲಿ ಪ್ರಕಟಿಸಿತು. ಎರಡು ಗಂಟೆಯ ಗೆರೆಯನ್ನು ದಾಟಲೆಂದು ಆಟಕ್ಕೆ ನೀರು ಬೆರೆಸಿದರೆ ಯಾರಿಗೂ ಪ್ರಯೋಜನವಿಲ್ಲ.

ಹಾಗೆಂದು ಚಿಕ್ಕದೆಲ್ಲವೂ ಚೊಕ್ಕವೆಂದು ನನ್ನ ವಾದವಲ್ಲ. ಅಂದದ ಚಿತ್ರಗಳನ್ನೂ ಮಂದವಾದ ಸಂಗೀತವನ್ನೂ ಕೂಡಿಸಿ, ಹೇಳಲು ಏನೂ ಇಲ್ಲದೆ ಬೇಗ ಮುಗಿಯುವ ಆಟಗಳೂ ಇವೆ. ಮನೆಯಿಂದ ಬರುವ ಹಣದಲ್ಲಿ ತಿಂಗಳನ್ನು ತಳ್ಳುವ ಹಾಸ್ಟೆಲಿನ ಹುಡುಗನಿಗೆ ಮುನ್ನೂರು ನಾನೂರು ರೂಪಾಯಿ ಅಲ್ಪವಲ್ಲ. ಅವನು ಕೊಳ್ಳುವ ಮೊದಲು ಆಟದ ಉದ್ದವನ್ನು ವಿಚಾರಿಸಿಕೊಳ್ಳಲಿ, ಬೆಲೆ ಇಳಿಯುವ ದಿನಕ್ಕಾಗಿ ಕಾಯಲಿ; ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಇದು: ಆಟದಲ್ಲಿ ಒಂದು ಹೊಸ ವಿಚಾರವಿದೆಯೆ? ಅದನ್ನು ಬೆಳೆಸಲು ಬೇಕಾದಷ್ಟು ಹೊತ್ತನ್ನು ಮಾತ್ರ ಅದು ನಮ್ಮಿಂದ ಕೇಳುತ್ತದೆಯೆ? ಈ ಎರಡಕ್ಕೂ ಹೌದೆನ್ನಬಹುದಾದರೆ, ಬೇಗ ಮುಗಿದುದು ಅದರ ಕೊರತೆಯಲ್ಲ.

ಮುಂದಿನ ವಾರ ಆ ಹುಡುಗರಿಬ್ಬರಿಗೂ ಇಷ್ಟನ್ನೇ ಹೇಳಿ, ಕಡ್ಡಿಗಳ ಘನಾಕೃತಿಯನ್ನು ಕೈಗೆ ಕೊಟ್ಟೆನು. ಬಿಟ್ಟಿ ಆಟದವನು ಒಂದು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದನು. ಆಮೇಲೆ ಗೆಳೆಯನ ಕಡೆಗೆ ತಿರುಗಿ, “ಆ ಫೋನನ್ನು ಇವತ್ತೊಂದು ರಾತ್ರಿ ಕೊಡೋ” ಎಂದನು.