ಕೃಷಿ ಹೊಂಡದ ಮೀನುಗಳಿಗೆ ಕಾಯಿಲೆ: ಔಷಧಿಗೆ ಮೊದಲು ನೀರನ್ನು ಗಮನಿಸಿ

ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ತುಂಗಭದ್ರಾ ನದಿಗೆ ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜ್ ಇದೆ. ಇಂತಹ ಭಾಗಗಳಲ್ಲಿ ಕಾಲುವೆಯ ಅಥವಾ ಮಳೆಯ ನೀರನ್ನು ಕೃಷಿ ಹೊಂಡದಲ್ಲಿ ಸಂಗ್ರಹಿಸಿ ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು ಸಾಕುವುದು ಉತ್ತಮ ಉಪಕಸುಬು. ಆದರೆ ಮೀನು ಸತ್ತು ತೇಲಿದೊಡನೆ ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ಹೊಂಡಕ್ಕೆ ಸುರಿಯುವುದು ಅಪಾಯಕಾರಿ. ಆ ನೀರನ್ನು ದನಕರುಗಳು ಕುಡಿಯುತ್ತವೆ; ಆ ಮೀನನ್ನು ನಾವೇ ತಿನ್ನುತ್ತೇವೆ. ಎಷ್ಟೋ ಬಾರಿ ದೋಷವಿರುವುದು ಮೀನಿನಲ್ಲಲ್ಲ, ನೀರಿನಲ್ಲಿ.

ಲಕ್ಷಣ ಮತ್ತು ಪರಿಹಾರ

1. ಆಮ್ಲಜನಕದ ಕೊರತೆ: ನಸುಕಿನಲ್ಲಿ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಉಸಿರಾಡುತ್ತವೆ, ಬಿಸಿಲೇರಿದಂತೆ ಕೆಳಗಿಳಿಯುತ್ತವೆ. ಸಾಮಾನ್ಯವಾಗಿ ದೊಡ್ಡ ಮೀನುಗಳು ಮೊದಲು ಸಾಯುತ್ತವೆ. ಇದು ರೋಗವಲ್ಲ. ಆಹಾರ ನಿಲ್ಲಿಸಿ, ಪಂಪ್‌ಸೆಟ್‌ನಿಂದ ಹೊಂಡದ ನೀರನ್ನೇ ಎತ್ತಿ ಮೇಲಿನಿಂದ ಚಿಮ್ಮಿಸಿ ಅಥವಾ ಹೊಸ ನೀರು ಹಾಯಿಸಿ.

2. ವಿಷಬಾಧೆ: ಚಿಕ್ಕ-ದೊಡ್ಡ ಮೀನುಗಳೆಲ್ಲ ಒಮ್ಮೆಗೇ ಸತ್ತು, ಜೊತೆಗೆ ಕಪ್ಪೆ, ನೀರಿನ ಹುಳುಗಳೂ ಸತ್ತಿದ್ದರೆ ಹತ್ತಿ, ಮೆಣಸಿನಕಾಯಿ ಹೊಲಗಳಿಂದ ಕೀಟನಾಶಕ ಹರಿದು ಬಂದಿರಬಹುದು. ಹರಿವನ್ನು ತಡೆಯಿರಿ. ಆ ಮೀನನ್ನು ತಿನ್ನಬಾರದು, ಮಾರಬಾರದು; ನೀರನ್ನು ದನಗಳಿಗೆ ಕುಡಿಸಬಾರದು.

3. ಮೀನು ಹೇನು: ಮೀನುಗಳು ಹೊಂಡದ ಅಂಚಿಗೆ ಮೈ ಉಜ್ಜುತ್ತವೆ, ಜಿಗಿಯುತ್ತವೆ. ಮೈಮೇಲೆ ಚಪ್ಪಟೆಯಾದ ಹೇನು ಬರಿಗಣ್ಣಿಗೇ ಕಾಣುತ್ತದೆ. ಬಿದಿರಿನ ಗಳಗಳನ್ನು ನೀರಿನಲ್ಲಿ ನೆಟ್ಟರೆ ಹೇನು ಅವುಗಳ ಮೇಲೆ ಮೊಟ್ಟೆ ಇಡುತ್ತದೆ. ವಾರಕ್ಕೊಮ್ಮೆ ತೆಗೆದು ಬಿಸಿಲಿನಲ್ಲಿ ಒಣಗಿಸಿ ಮತ್ತೆ ನೆಡಿ.

4. ಹುಣ್ಣು ರೋಗ: ಚಳಿಗಾಲದಲ್ಲಿ ಮೈಮೇಲೆ ಕೆಂಪು ಕಲೆ ಮೂಡಿ ಆಳವಾದ ಹುಣ್ಣಾಗುತ್ತದೆ. ಈ ರೋಗ 1988ರಲ್ಲಿ ಭಾರತವನ್ನು ಪ್ರವೇಶಿಸಿತು. ಸತ್ತ ಮೀನುಗಳನ್ನು ಸುಣ್ಣ ಹಾಕಿ ಆಳವಾಗಿ ಹೂಳಿ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು ಅಭಿವೃದ್ಧಿಪಡಿಸಿದ ಸಿಫ್ಯಾಕ್ಸ್ ಔಷಧಿಯನ್ನು ತಜ್ಞರ ಸಲಹೆಯಂತೆ ಬಳಸಬಹುದು.

ಸುಣ್ಣದ ಬಗ್ಗೆ ಎಚ್ಚರಿಕೆ

ಮೀನು ಸತ್ತರೆ ಸುಣ್ಣ ಹಾಕುವ ರೂಢಿ ಎಲ್ಲೆಡೆಗೂ ಹೊಂದುವುದಿಲ್ಲ. ಕಪ್ಪು ಮಣ್ಣಿನ ಪ್ರದೇಶದ ನೀರು ಸಾಮಾನ್ಯವಾಗಿ ಕ್ಷಾರೀಯವಾಗಿರುತ್ತದೆ. ರಸಸಾರ 8.5ಕ್ಕಿಂತ ಹೆಚ್ಚಿದ್ದಾಗ ಸುಣ್ಣ ಹಾಕಿದರೆ ನೀರಿನಲ್ಲಿರುವ ಅಮೋನಿಯಾ ಇನ್ನಷ್ಟು ವಿಷಕಾರಿಯಾಗುತ್ತದೆ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದಲ್ಲಿ ಉಳಿದ ಆಹಾರ ಮತ್ತು ಮಲ ತಳದಲ್ಲಿ ಶೇಖರವಾಗುವುದರಿಂದ ಈ ಅಪಾಯ ಹೆಚ್ಚು.

ಪ್ರಮಾಣದ ಲೆಕ್ಕ

21×21×3 ಮೀಟರ್ ಅಳತೆಯ, 1:1 ಇಳಿಜಾರಿನ ಹೊಂಡ ತುಂಬಿದಾಗ ಸುಮಾರು 980 ಘನ ಮೀಟರ್ ನೀರಿರುತ್ತದೆ. ನೀರು ಒಂದೂವರೆ ಮೀಟರ್‌ಗೆ ಇಳಿದಾಗ ಉಳಿಯುವುದು ಅರ್ಧವಲ್ಲ, ಸುಮಾರು 410 ಘನ ಮೀಟರ್ ಮಾತ್ರ. ಘನ ಮೀಟರ್‌ಗೆ 2 ಗ್ರಾಂನಂತೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಲು ಸಲಹೆ ದೊರೆತರೆ ಆಗ ಬೇಕಾಗುವುದು 820 ಗ್ರಾಂ. ತುಂಬಿದ ಹೊಂಡದ ಲೆಕ್ಕ ಹಿಡಿದರೆ ಸುಮಾರು ಎರಡು ಕಿಲೋ ಬಿದ್ದು, ಔಷಧಿಯೇ ಮೀನನ್ನು ಕೊಲ್ಲಬಹುದು. ಆದ್ದರಿಂದ ಅಂದಿನ ನೀರಿನ ಆಳವನ್ನು ಅಳೆದೇ ಪ್ರಮಾಣ ನಿರ್ಧರಿಸಬೇಕು.

ತಪಾಸಣೆಗೆ ಮಾದರಿ

ಕೊಳೆತ ಮೀನಿನಿಂದ ರೋಗ ತಿಳಿಯದು. ಕಾಯಿಲೆಯ ಲಕ್ಷಣವಿರುವ, ಇನ್ನೂ ಜೀವಂತವಿರುವ ಎರಡು-ಮೂರು ಮೀನುಗಳನ್ನು ಹೊಂಡದ ನೀರಿನೊಂದಿಗೆ ಒಯ್ಯಿರಿ. ಪ್ರತ್ಯೇಕ ಸ್ವಚ್ಛ ಬಾಟಲಿಯಲ್ಲಿ ಒಂದು ಲೀಟರ್ ನೀರೂ ಇರಲಿ. ಮೀನು ಸತ್ತ ಸಮಯ, ಸಂಖ್ಯೆ, ಗಾತ್ರ ಹಾಗೂ ಹಿಂದಿನ ದಿನಗಳಲ್ಲಿ ಸುತ್ತಲಿನ ಹೊಲಗಳಿಗೆ ಸಿಂಪಡಿಸಿದ ಔಷಧಿಯ ಹೆಸರನ್ನು ಬರೆದುಕೊಳ್ಳಿ.

ಹೆಚ್ಚಿನ ಮಾಹಿತಿಗೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಅಥವಾ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ.