ಜಾಹೀರಾತಿನಲ್ಲಿ ನಟಿಸುವ ಆಸೆಯೇ? ಏಜೆಂಟರಿಗೆ ಈ ಪ್ರಶ್ನೆ ಕೇಳಿ

ನಮ್ಮ ಉಡುಪಿ ಕಡೆಯವರಿಗೆ ಬಣ್ಣ ಹಚ್ಚುವುದು ಹೊಸದೇನಲ್ಲ. ಯಕ್ಷಗಾನ ಉಂಟು, ತುಳು ನಾಟಕ ಉಂಟು. 2022ರಲ್ಲಿ ‘ಕಾಂತಾರ’ ಬಂದ ಮೇಲಂತೂ ಕ್ಯಾಮೆರಾ ಮುಂದೆ ನಿಲ್ಲುವ ಆಸೆ ಮನೆಮನೆಯಲ್ಲೂ ಇದೆ. ಆದರೆ ದೊಡ್ಡ ಜಾಹೀರಾತುಗಳಿಗೆ ಕಲಾವಿದರ ಆಯ್ಕೆ ಹೆಚ್ಚಾಗಿ ನಡೆಯುವುದು ಬೆಂಗಳೂರು, ಮುಂಬೈಯಲ್ಲಿ. ಕಾಪು, ಮಣಿಪಾಲದಲ್ಲಿ ಕೂತವರಿಗೆ ಮಧ್ಯದಲ್ಲಿ ಒಬ್ಬ ಏಜೆಂಟ್ ಬೇಕಾಗುತ್ತದೆ. ಅವರನ್ನು ನಂಬುವುದು ಹೇಗೆ?

ಹಣ ಯಾರಿಂದ ಯಾರಿಗೆ ಹೋಗುತ್ತದೆ ಎಂದು ನೋಡಿ. ನಮ್ಮ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಕೆಲಸ ಕೊಡಿಸುವ ಸರಿಯಾದ ಕನ್ಸಲ್ಟೆನ್ಸಿಗೆ ಕಂಪನಿಯೇ ದುಡ್ಡು ಕೊಡುತ್ತದೆ. ಅಭ್ಯರ್ಥಿಯ ಹತ್ತಿರ ಮೊದಲೇ ಫೀಸ್ ಕೇಳಿದರೆ ಅನುಮಾನ ಪಡುತ್ತೇವೆ. ಇಲ್ಲೂ ಅಷ್ಟೇ. ಒಳ್ಳೆಯ ಏಜೆಂಟ್ ನಿಮಗೆ ಸಿಕ್ಕ ಸಂಭಾವನೆಯಲ್ಲಿ ಕಮಿಷನ್ ತೆಗೆದುಕೊಳ್ಳುತ್ತಾರೆ, ಅದಕ್ಕೂ ಮೊದಲಲ್ಲ.

ಕಾರ್ಕಳದಲ್ಲಿರುವ ನನ್ನ ಅಕ್ಕನಿಗೆ ಕಳೆದ ವರ್ಷ ಒಂದು ವಾಟ್ಸಾಪ್ ಮೆಸೇಜ್ ಬಂತು. “ನಿಮ್ಮ ಮಗಳು ಸೆಲೆಕ್ಟ್ ಆಗಿದ್ದಾಳೆ, ಪೋರ್ಟ್‌ಫೋಲಿಯೊಗೆ 18 ಸಾವಿರ ಇವತ್ತೇ ಹಾಕಿ” ಅಂತ. ಆಡಿಷನ್ನೇ ಆಗಿರಲಿಲ್ಲ! ಅಕ್ಕ, “ಅವಳ ಸಂಭಾವನೆಯಲ್ಲೇ ಹಿಡಿದುಕೊಳ್ಳಿ” ಎಂದು ಬರೆದಳು. ಆಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲ.

ನೀವೂ ಕೇಳಿ: ಯಾವ ಬ್ರ್ಯಾಂಡ್? ನಿರ್ಮಾಣ ಸಂಸ್ಥೆ ಯಾವುದು? ನೀವು ಅವಕಾಶ ಕೊಡಿಸಿದ ಇಬ್ಬರ ಜೊತೆ ಮಾತಾಡಬಹುದೇ? ಜಾಹೀರಾತು ಎಷ್ಟು ತಿಂಗಳು, ಟಿವಿಯಲ್ಲೋ ಆನ್‌ಲೈನ್‌ನಲ್ಲೋ ಬರುತ್ತದೆ? ಅಷ್ಟು ದಿನ ಬೇರೆ ಬ್ರ್ಯಾಂಡಿಗೆ ನಟಿಸಬಾರದೇ? ಕಮಿಷನ್ ಎಷ್ಟು, ಹಣ ಯಾವಾಗ? ಉತ್ತರ ಬರಹದಲ್ಲಿರಲಿ. ನಿರ್ಮಾಣ ಸಂಸ್ಥೆಗೆ ನೀವೇ ಒಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಫೋಟೊಗಳನ್ನು ನಿಮಗೆ ಬೇಕಾದ ಸ್ಟುಡಿಯೊದಲ್ಲಿ ತೆಗೆಸಿ. ಇಂಥಲ್ಲೇ ತೆಗೆಸಬೇಕು ಎಂದು ಹಟ ಹಿಡಿದರೆ ದೂರ ಇರಿ. ಆಡಿಷನ್ ಹೋಟೆಲ್ ರೂಮಿನಲ್ಲಿ ಎಂದರೆ ಹೋಗಲೇಬೇಡಿ.

ಮಕ್ಕಳ ವಿಷಯದಲ್ಲಿ ಕಾನೂನೇ ಇದೆ. 2017ರ ನಿಯಮಗಳ ಪ್ರಕಾರ 14 ವರ್ಷದೊಳಗಿನ ಬಾಲ ಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿಶ್ರಾಂತಿ ಇಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಸಂಪಾದನೆಯ ಕನಿಷ್ಠ ಶೇ. 20 ಭಾಗ ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಆಗಬೇಕು. ಈ ಅನುಮತಿಯ ಬಗ್ಗೆ ಕೇಳಿದಾಗ ಏಜೆಂಟ್ ತಡವರಿಸಿದರೆ ನಿಮಗೆ ಉತ್ತರ ಸಿಕ್ಕಿತು ಎಂದೇ ಅರ್ಥ.

ಆನ್‌ಲೈನ್‌ನಲ್ಲಿ ಹಣ ಹೋಗಿಬಿಟ್ಟಿದ್ದರೆ ನಾಚಿಕೆ ಪಟ್ಟು ಸುಮ್ಮನಿರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ, ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.