ಹೊಗೆಸೊಪ್ಪು ಮತ್ತು ಅರ್ಬುದರೋಗ

ಧೂಮಪಾನಕ್ಕೂ ಅರ್ಬುದಕ್ಕೂ, ಎಂದರೆ ಕ್ಯಾನ್ಸರಿಗೂ, ಸಂಬಂಧವುಂಟೆಂದು ನಾವು ಅರಿತುದು ಹೇಗೆ? ರೋಗಿಗಳ ಗುಂಪುಗಳನ್ನು ಹೋಲಿಸಿ. ಡಾಲ್ ಮತ್ತು ಹಿಲ್ ಎಂಬ ವಿಜ್ಞಾನಿಗಳು 1950ರಲ್ಲಿ ಪ್ರಕಟಿಸಿದ ಲಂಡನ್ ಆಸ್ಪತ್ರೆಗಳ ಅಧ್ಯಯನದಲ್ಲಿ, ಶ್ವಾಸಕೋಶದ ಅರ್ಬುದವಿದ್ದ 649 ಪುರುಷರಲ್ಲಿ ಧೂಮಪಾನ ಮಾಡದವರು ಇಬ್ಬರೇ! ಅಷ್ಟೇ ಸಂಖ್ಯೆಯ ಅನ್ಯರೋಗಿಗಳಲ್ಲಿ ಅಂಥವರು 27. ಹೊಗೆಯ ರಾಸಾಯನಿಕಗಳು ಜೀವಕೋಶದ ಡಿ.ಎನ್.ಎ.ಯನ್ನು ಕೆಡಿಸುತ್ತವೆ, ಕೆಟ್ಟ ಕೋಶಗಳು ಅಂಕೆಮೀರಿ ಬೆಳೆಯುವುದೇ ಅರ್ಬುದ.

ರಾಯಚೂರು ಜಿಲ್ಲೆಯ ಕವಿತಾಳದಂಥ ಊರುಗಳಲ್ಲಿ ಬೀಡಿ ಸೇದುವವರೂ ಉಂಟು, ಎಲೆಯಡಿಕೆಯೊಡನೆ ಹೊಗೆಸೊಪ್ಪು ಜಗಿಯುವವರೂ ಉಂಟು. ಹೊಗೆಯಿಲ್ಲವೆಂದು ಜಗಿಯುವವರು ನಿಶ್ಚಿಂತರಾಗಿರಬಹುದೆ? ಇಲ್ಲ. ಬೆಂಗಳೂರಿನಲ್ಲಿ ಬಾಯಿಯ ಅರ್ಬುದವಿದ್ದ 348 ಮಂದಿಯನ್ನು ಅದೇ ವಯಸ್ಸಿನ, ಅರ್ಬುದವಿಲ್ಲದವರೊಡನೆ ಹೋಲಿಸಿ 1990ರಲ್ಲಿ ಪ್ರಕಟವಾದ ಅಧ್ಯಯನವು, ಜಗಿಯುವವರಿಗೆ, ಅದರಲ್ಲೂ ಸ್ತ್ರೀಯರಿಗೆ, ಅಪಾಯ ಬಹಳ ಹೆಚ್ಚೆಂದು ತೋರಿಸಿತು. ಸೇದಿದರೂ ಜಗಿದರೂ ವಿಷ ಒಂದೇ, ಆರಂಭಿಸದಿರುವುದೇ ಲೇಸು.